ಕೈ ಏರಿತು, ನೋವು ಇಳಿಯಲಿಲ್ಲ

ಈ ಪ್ರಸಂಗವನ್ನು ಹರಿಹರದ ರೊಟ್ಟಿಮನೆಯಲ್ಲಿ ಒಂದು ರೀತಿ ಹೇಳುತ್ತಾರೆ, ದಾವಣಗೆರೆಯ ಫಿಸಿಯೋಥೆರಪಿ ಕಾಲೇಜೊಂದರಲ್ಲಿ ಇನ್ನೊಂದು ರೀತಿ. ಎರಡೂ ಕಡೆಯವರು ಒಪ್ಪುವ ಸಂಗತಿಗಳನ್ನೇ ಇಲ್ಲಿ ಮುಂದಿಟ್ಟಿದೆ. ಒಪ್ಪದ ಕಡೆ ಅದು ಯಾರ ಮಾತೆಂದು ಹೇಳಿದೆ.

ಮುಬಶ್ಶಿರಾ ಆ ಕಾಲೇಜಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದಳು. ಅವಳು ಆರಿಸಿಕೊಂಡ ವಿಷಯ ರೊಟ್ಟಿ ಬಡಿಯುವ ಹೆಂಗಸರ ಭುಜದ ಬಿಗಿತ. ಖಾನಾವಳಿಗಳಿಗೂ ಮದುವೆಮನೆಗಳಿಗೂ ಜೋಳದ ರೊಟ್ಟಿ ಮಾಡಿಕೊಡುವ ಮನೆಯೊಂದು ಹರಿಹರದಲ್ಲಿತ್ತು. ಬೆಳಗಿನಿಂದ ಕೂತು ಬಡಿದೂ ಬಡಿದೂ ಅಲ್ಲಿಯ ಹೆಂಗಸರ ಬಲಗೈ ಕಿವಿಯ ಮಟ್ಟಕ್ಕೂ ಏಳದಂತಾಗಿತ್ತು. ತಲೆ ಬಾಚಲು ಮಗಳನ್ನು ಕರೆಯಬೇಕು, ಕುಪ್ಪಸ ತೊಡಲು ಸೊಸೆಯನ್ನು ಕರೆಯಬೇಕು. ಮುಬಶ್ಶಿರಾ ವಾರವಾರವೂ ಬಸ್ಸಿನಲ್ಲಿ ಬಂದು, ಗೋಡೆಯ ಮೇಲೆ ಬೆರಳು ಹತ್ತಿಸುವುದು, ಕೋಲು ಹಿಡಿದು ತೋಳೆತ್ತುವುದು ಮುಂತಾದ ವ್ಯಾಯಾಮಗಳನ್ನು ಕಲಿಸಿದಳು. ಭುಜವನ್ನು ತಾನೇ ಒತ್ತಿ ಸಡಿಲಿಸಿದಳು. ತೋಳು ಎಷ್ಟು ಏಳುತ್ತದೆಂಬುದನ್ನು ಗೋನಿಯೋಮೀಟರ್ ಎಂಬ ಎರಡು ಕಡ್ಡಿಯ ಅಳತೆಪಟ್ಟಿ ಹೇಳುತ್ತಿತ್ತು. ನೋವು ಎಷ್ಟಿದೆಯೆಂಬುದನ್ನು ಹೆಂಗಸರೇ ಹೇಳಬೇಕು: ಸೊನ್ನೆಯಿಂದ ಹತ್ತರವರೆಗೆ ಗೆರೆಯೆಳೆದ ರಟ್ಟಿನ ಮೇಲೆ ಬೆರಳಿಟ್ಟು ತೋರಿಸಬೇಕು.

ಮಳೆಗಾಲ ಕಳೆಯುವ ಹೊತ್ತಿಗೆ ತೋಳುಗಳು ತಲೆಯ ಮೇಲಕ್ಕೆ ಏರಿದ್ದವು. ಬೆರಳು ಮಾತ್ರ ಮೊದಲ ದಿನ ಇದ್ದಲ್ಲಿಯೇ, ಎಂಟರ ಬಳಿ, ಕದಲದೆ ನಿಂತಿತ್ತು.

ಅವಳ ಮಾರ್ಗದರ್ಶಕರಾದ ಡಾ. ರಾಮಚಂದ್ರಪ್ಪನವರು ಚಹಾ ಕೊಟ್ಟರೂ ಮೊದಲು ಲೋಟದ ತಳ ನೋಡುವವರೆಂದು ಹೆಸರಾದವರು.

"ಏನಮ್ಮ ಇದು? ಕೈ ಮೇಲೆ ಹೋಗ್ಯಾವೆ, ನೋವು ಕೆಳಗೆ ಇಳಿದಿಲ್ಲ. ಎರಡರಾಗೆ ಒಂದನ್ನ ನೀನು ಮನೆಯಾಗೆ ಕೂತು ಬರೆದೀಯ."

"ಇಲ್ಲ ಸಾರ್. ಅಳೆದಿದ್ದನ್ನೇ ಬರೆದೀನಿ, ಅವರು ತೋರಿಸಿದ್ದನ್ನೇ ಬರೆದೀನಿ."

"ಎಲ್ಲರೂ ಹಂಗೇ ಅಂತಾರೆ. ಶುಕ್ರವಾರ ನಾನೇ ಹೋಗಿ ನೋಡ್ತೀನಿ, ನೀನು ಹೊರಗೆ ಕೂರು. ನನ್ನ ಲೆಕ್ಕ ನಿನ್ನ ಲೆಕ್ಕಕ್ಕೆ ಕೂಡದಿದ್ದರೆ ಈ ಪ್ರಬಂಧ ಅಲ್ಲಿಗೇ ಮುಗೀತು. ಸಮಿತಿಗೆ ನಾನೇ ತಿಳಿಸ್ತೀನಿ."

ಅಲ್ಲಿಂದ ಮುಬಶ್ಶಿರಾಳಿಗೂ ಸಂಶಯದ ಗಾಳಿ ತಗುಲಿತು. ಬುಧವಾರ ಯಾರಿಗೂ ತಿಳಿಸದೆ ಹರಿಹರಕ್ಕೆ ಹೋಗಿ, ರೊಟ್ಟಿಮನೆಯ ಕಿಟಕಿಯಿಂದ ಇಣುಕಿದಳು. ಎಲ್ಲರಿಗಿಂತ ಹಿರಿಯಳಾದ ದುರುಗಮ್ಮ ಬಲಗೈ ಒಂದನ್ನೇ ಚಾಚಿ ಅಟ್ಟದ ಮೇಲಿನ ಹಿಟ್ಟಿನ ಡಬ್ಬಿಯನ್ನು ಇಳಿಸುತ್ತಿದ್ದಳು. ಕಿಟಕಿಯಲ್ಲಿ ಮುಖ ಕಂಡದ್ದೇ ತಡ, ಡಬ್ಬಿ ನೆಲಕ್ಕೆ, ಕೈ ಭುಜಕ್ಕೆ.

"ಅಯ್ಯೋ ಶಿವನೇ! ಬಂದ್ರಾ ಡಾಕ್ಟ್ರಮ್ಮ? ಒಂದು ಗಳಿಗಿ ನಿದ್ದಿಲ್ಲ ನೋಡ್ರಿ ಈ ಕೈ ಕಾಲಾಗೆ."

"ಕೈಯೋ ಕಾಲೋ ಒಂದು ಹೇಳು, ಅವರು ಬರ್ಕಬೇಕು," ಎಂದು ಪಕ್ಕದ ಖೈರುನ್ನೀಸಾ ಅಂದಾಗ ಹೆಂಗಸರೆಲ್ಲ ಹಿಟ್ಟಿನ ಕಡೆ ಮುಖ ಬಗ್ಗಿಸಿ ನಕ್ಕರು.

"ನಿಜ ಹೇಳ್ರಿ," ಎಂದಳು ಮುಬಶ್ಶಿರಾ. "ನೋವು ಹೋಗೈತಾ, ಇಲ್ಲವಾ? ನನ್ನ ಓದೇ ನಿಂತು ಹೋಗೋ ಹಂಗೈತೆ."

ನಗು ನಿಂತಿತು. ರೊಟ್ಟಿ ಬಡಿಯುವ ಸದ್ದು ಮಾತ್ರ ಮೊದಲಿಗಿಂತ ಜೋರಾಯಿತು. "ಹಂಗೇ ಐತೆ ಬೇಟಿ," ಎಂದಳು ಖೈರುನ್ನೀಸಾ, ಕಣ್ಣೆತ್ತದೆ.

ಹಿಂದಿರುಗುವಾಗ ಬಸ್ಸು ಹೊಳೆ ಹಿಂದೆ ಬಿಟ್ಟು ದಾವಣಗೆರೆ ಮುಟ್ಟುವವರೆಗೂ ಅವಳು ಒಬ್ಬೊಬ್ಬರನ್ನೇ ಶಂಕಿಸುತ್ತ ಬಂದಳೆಂದು ಅವಳ ಗೆಳತಿಯರು ಹೇಳುತ್ತಾರೆ. ತಾನು ಬರುವುದು ನಿಲ್ಲಬಾರದೆಂದು ಇವರು ನಟಿಸುತ್ತಿರುವರೇ? ಅಥವಾ ರಾಮಚಂದ್ರಪ್ಪನವರೇ ಮೊದಲು ಬಂದು ಹೀಗೆ ಹೇಳಿರೆಂದು ಕಲಿಸಿ ಹೋಗಿರುವರೇ?

ಶುಕ್ರವಾರ ಅವಳನ್ನು ಜಗಲಿಯಲ್ಲಿ ಕೂರಿಸಿ ಅವರು ಒಳಗೆ ಹೋದರು. ತೋಳಿನ ಅಳತೆ ಅವಳ ಅಳತೆಗೆ ಸರಿಯಾಗಿ ಕೂಡಿತು. ನಂತರ ರಟ್ಟು ಮುಂದಿಟ್ಟರು. ದುರುಗಮ್ಮನ ಬೆರಳು ಸರಸರನೆ ಸೊನ್ನೆಗೆ ಬಂತು. ಖೈರುನ್ನೀಸಾಳದೂ ಸೊನ್ನೆ, ಉಳಿದವರದೂ ಸೊನ್ನೆ.

ರಾಮಚಂದ್ರಪ್ಪನವರು ಹೊಸ್ತಿಲಿಗೆ ಬಂದು ನಿಂತರು. "ಯಾರಿಗೂ ನೋವೇ ಇಲ್ಲವಂತೆ! ಹೋದ ವಾರ ಎಂಟು, ಈ ವಾರ ಸೊನ್ನೆ. ಬುಧವಾರ ನೀನು ಬಂದು ಹೋದೆಯಂತೆ, ಇವರೇ ಅಂದ್ರು. ಏನು ಹೇಳಿಕೊಟ್ಟು ಹೋದೆ?"

ಮುಬಶ್ಶಿರಾ ಒಳಗೆ ನುಗ್ಗಿ ರಟ್ಟನ್ನು ದುರುಗಮ್ಮನ ಮುಂದೆ ಹಿಡಿದಳು. ಬೆರಳು ಎಂಟಕ್ಕೆ ಹೋಯಿತು.

"ಭಾಳ ಚಲೋ ನಾಟಕ," ಎಂದರು ಅವರು.

ಆ ಮಾತು ಖೈರುನ್ನೀಸಾಳಿಗೆ ನಾಟಿತು. ಅವಳು ಮುಬಶ್ಶಿರಾಳಿಗೆ ಬೆನ್ನು ತಿರುಗಿಸಿ, ಮೇಷ್ಟರಿಗಷ್ಟೇ ಹೇಳಿದಳು: "ನಾಟಕ ಅಲ್ಲ ಸಾಹೇಬ್ರೆ. ಮದ್ದು ಮಾಡಿದ ಕೈಯ ಮುಂದೆ ವಾಸಿ ಆತು ಅನ್ನಬಾರದು. ತೆಗೆದ ನೋವು ಆ ಕೈಯಾಗೇ ಇರತೈತೆ. ಕೇಳಿಸ್ಕಂಡ್ರೆ ಮನೆ ಗುರುತು ಹಿಡಿದು ವಾಪಸ್ ಬರತೈತೆ."

"ಹೌದ್ರಿ," ಎಂದು ದುರುಗಮ್ಮನೂ ಅತ್ತಲೇ ತಿರುಗಿದಳು. "ನಮ್ಮವ್ವ ಮಾಯಕೊಂಡದಾಗೆ ಉಳುಕು ತೆಗೆಯೋನ ಮುಂದೆ 'ಹೋತಪ್ಪಾ' ಅಂದುಬಿಟ್ಲು. ಮನೆ ಮುಟ್ಟಾದ್ರಾಗೆ ಸೊಂಟ ಹಿಡ್ಕಂತು."

"ಬುಧವಾರ ಇಷ್ಟನ್ನಾದ್ರೂ ನನಗೆ ಹೇಳಬಾರದಿತ್ತಾ?" ಎಂದಳು ಮುಬಶ್ಶಿರಾ.

ದುರುಗಮ್ಮ ಉತ್ತರವನ್ನು ಗೋಡೆಗೆ ಕೊಟ್ಟಳು. "ಯಾಕ ಹೇಳಂಗಿಲ್ಲ ಅಂತ ಹೇಳಿದ್ರೆ, ಹೇಳಿದಂಗೇ ಆತಲ್ಲ!"

ರಾಮಚಂದ್ರಪ್ಪನವರು ನಂಬಲಿಲ್ಲ. ಈ ಮಾತು ಕಿವಿಗೆ ಬೀಳದ, ಮುಬಶ್ಶಿರಾಳ ಕೈ ಸೋಕದ ಒಬ್ಬರನ್ನು ಕರೆಯಿರೆಂದರು. ಹಿತ್ತಲಲ್ಲಿ ಸೌದೆ ಒಡೆಯುತ್ತಿದ್ದ ಹುಲಿಯಪ್ಪನಿಗೆ ಕತ್ತು ಹಿಡಿದಿತ್ತು. ಕರೆದರೆ ಇಡೀ ಮೈಯನ್ನೇ ತಿರುಗಿಸಿ ನೋಡುತ್ತಿದ್ದ. ಅವನನ್ನು ಜಗಲಿಯ ಮೇಲೆ ಕೂರಿಸಿ, ಅವರು ತಾವೇ ಕತ್ತಿನ ನರ ಒತ್ತಿ, ನಿಧಾನವಾಗಿ ಸಡಿಲಿಸಿದರು.

"ಈಗ ಹೆಂಗೈತಪ್ಪ?"

ಹುಲಿಯಪ್ಪ ಎಡಕ್ಕೆ ನೋಡಿದ, ಬಲಕ್ಕೆ ನೋಡಿದ, ಸೂರು ನೋಡಿದ. "ಹಂಗೇ ಐತ್ರಿ ಸಾರ್. ಏನೂ ಫರಕಿಲ್ಲ."

ಅವರು ನೀರು ಕುಡಿಯುವ ನೆಪದಲ್ಲಿ ಬಾಗಿಲ ಮರೆಗೆ ಸರಿದು, ಕೇಳು ಎಂದು ಮುಬಶ್ಶಿರಾಳಿಗೆ ಸನ್ನೆ ಮಾಡಿದರು. ಅವಳು ಕೇಳಿದಳು.

"ಪೂರಾ ಹೋತ್ರಮ್ಮ. ಕೈಗುಣ ಅಂದ್ರೆ ಅವರದು ನೋಡ್ರಿ. ಮೆಲ್ಲಕೆ ಮಾತಾಡ್ರಿ, ಒಳಗದಾರೆ, ಕೇಳಿಸ್ಕಂಡಾರು."

ರಾಮಚಂದ್ರಪ್ಪನವರು ಆಗ ಬಾಯ್ತುಂಬ ನಕ್ಕರೆಂದು ಕಾಲೇಜಿನವರ ಮಾತು. ನಗಲಿಲ್ಲ, ಹುಲಿಯಪ್ಪನನ್ನು ಕರೆದು "ಈ ಹುಡುಗಿ ನಿನಗೆ ಮೊದಲೇ ಪರಿಚಯವೇನಪ್ಪ?" ಎಂದು ಎರಡೆರಡು ಬಾರಿ ವಿಚಾರಿಸಿದರು ಎಂದು ರೊಟ್ಟಿಮನೆಯವರ ಮಾತು. ಮುಂದಿನದರಲ್ಲಿ ಭೇದವಿಲ್ಲ.

"ತೋಳಿನ ಅಳತೆ ಉಳೀಲಿ," ಎಂದರು ಅವರು. "ನೋವಿನ ಅಂಕಿ ಪೂರ್ತಿ ತೆಗೆದುಹಾಕು. ಚಿಕಿತ್ಸೆ ಮಾಡಿದವರೇ ಫಲ ಕೇಳಬಾರದು ಅಂತ ನಮ್ಮ ಶಾಸ್ತ್ರವೂ ಹೇಳತೈತೆ, ಓದೀಯ. ಆವರಗೆರೆಯಾಗೆ ಹೊಸ ಗುಂಪು ಹುಡುಕು. ಮೊದಲ ದಿನದಿಂದ ಬೇರೆಯವರು ಕೇಳಲಿ. ಇವರನ್ನೂ ಒಂದು ಸಲ ಅವರೇ ಕೇಳಲಿ."

"ಒಂದು ವರ್ಷ ಹೋಗತೈತೆ ಸಾರ್."

"ವರ್ಷ ಹೋಗತೈತೆ. ಪ್ರಬಂಧ ಉಳೀತೈತೆ." ಹೀಗೆಂದು ಅವರು ಹೆಂಗಸರ ಕಡೆ ತಿರುಗಿದರು. "ಕೇಳೋಕೆ ನಾನೇ ಬರಲೇನ್ರಮ್ಮ?"

"ನೀವು ಬ್ಯಾಡ್ರಿ," ಎಂದಳು ದುರುಗಮ್ಮ. "ಹುಲಿಯಪ್ಪಗೆ ಕೈ ಹಚ್ಚೀರಿ."

ಹೀಗಾಗಿ ಮುಂದಿನ ತಿಂಗಳು ಬಂದವಳು ಪುಷ್ಪಲತಾ. ಬೇರೊಂದು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಪಾಠ ಮಾಡುವವಳು. ಅವಳು ರಟ್ಟು ತೆಗೆಯುವ ಮೊದಲೇ ದುರುಗಮ್ಮ ವಿಚಾರಣೆಗೆ ನಿಂತಳು.

"ನಿಮ್ಮ ಮನೆಯಾಗೆ ಯಾರಾದ್ರೂ ಡಾಕ್ಟ್ರು?"

"ಇಲ್ಲಮ್ಮ."

"ನಾಟಿ ಮದ್ದು ಕೊಡೋರು? ಮಂತ್ರ ಹಾಕೋರು?"

"ಯಾರೂ ಇಲ್ಲ."

"ಆ ಹುಡುಗಿ ಎಲ್ಲೈತೆ?"

"ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದಾಳೆ."

ದುರುಗಮ್ಮ ಎದ್ದು ಹೋಗಿ ಬೀದಿಯ ಎರಡೂ ತುದಿ ನೋಡಿ ಬಂದಳು. ಆಮೇಲೆ ಕೂತು ರಟ್ಟಿನ ಮೇಲೆ ಬೆರಳಿಟ್ಟಳು. ಬೆರಳು ಎಂಟು ದಾಟಿತು, ಐದು ದಾಟಿತು, ಎರಡು ದಾಟಿತು, ಒಂದರ ಮೇಲೆ ನಿಂತಿತು.

"ಒಂದೇ? ಇನ್ನೂ ಸ್ವಲ್ಪ ನೋವಿದೆಯೇ?" ಎಂದಳು ಪುಷ್ಪಲತಾ.

"ನೋವು ಇಲ್ರಿ," ಎಂದು ದುರುಗಮ್ಮ ದನಿ ತಗ್ಗಿಸಿದಳು. "ಆದ್ರೆ ನೀವು ಹೋಗಿ ಆಕಿಗೇ ತೋರಿಸ್ತೀರಲ್ಲ."