ಹದಿನಾಲ್ಕನೇ ಕೋಣೆಯಿಂದ ಬಂದ ಕಾರ್ಡು

ನಮ್ಮ ಶಾಸಕಿ ಕೊರಿನ್ ಪೆಲ್ಟಿಯರ್ ಹಂಚಿದ ಕಾರ್ಡು ನನ್ನ ಫ್ರಿಜ್ಜಿನ ಬಾಗಿಲ ಮೇಲೆ ನಾಲ್ಕು ವರ್ಷ ಇತ್ತು. ಅಂಗೈ ಅಗಲದ ಗಟ್ಟಿ ಕಾಗದ. ಒಂದು ಮಗ್ಗುಲಲ್ಲಿ ‘ನಮ್ಮೂರಿಗಾಗಿ’ ಅಂತ ಐದು ಸಾಲು. ವೃದ್ಧರ ಆರೈಕೆ ಮನೆ ಉಳಿಯಬೇಕು, ನದಿ ರಸ್ತೆಗೆ ಡಾಂಬರು ಬೀಳಬೇಕು, ಶಾಲೆಯನ್ನು ಪಕ್ಕದೂರಿನ ಶಾಲೆಗೆ ಸೇರಿಸಬಾರದು, ಹೀಗೆ. ಇನ್ನೊಂದು ಮಗ್ಗುಲಲ್ಲಿ ‘ರಾಜ್ಯಕ್ಕಾಗಿ’ ಅಂತ ಇನ್ನೈದು. ಹೊಸ ತೆರಿಗೆ ಯಾವುದೂ ಬೇಡ, ಸರ್ಕಾರದ ಖರ್ಚು ಇಳಿಯಬೇಕು, ರಾಜಧಾನಿಯವರು ನಮ್ಮ ಬಂದೂಕು ಮುಟ್ಟಬಾರದು, ಹೀಗೆ. ಫ್ರಿಜ್ಜಿಗೆ ಅಂಟಿಸಿದ ಕಾರ್ಡಿನ ಒಂದು ಮಗ್ಗುಲು ಮಾತ್ರ ಕಾಣುತ್ತದೆ. ಹ್ಯಾಚ್ ಮಿಲ್ಸಿನಲ್ಲಿ ಯಾರ ಅಡುಗೆಮನೆಗೆ ಹೋದರೂ ಊರಿನ ಮಗ್ಗುಲೇ ಹೊರಗೆ ಇರುತ್ತಿತ್ತು. ಹತ್ತು ಸಾಲಿಗೂ ಹೌದು ಅಂದವರು ನಾವು. ನಾನಂತೂ ಜೋರಾಗಿ ಅಂದವನು.

ಕೊರಿನ್ ಹತ್ತೊಂಬತ್ತು ವರ್ಷ ಶಾಲೆಯ ಬಸ್ಸು ಓಡಿಸಿದವಳು. ನಾನು ವರ್ಲನ್ ಹ್ಯಾಸ್ಕೆಲ್, ಮೂವತ್ತನಾಲ್ಕು ವರ್ಷ ಇದೇ ಊರಿನಲ್ಲಿ ಹಿಮ ತಳ್ಳುವ ಲಾರಿ ಓಡಿಸಿದವನು. ಕೆನಡಾ ಗಡಿಗೆ ಹನ್ನೊಂದು ಮೈಲಿ ಇರುವ ಊರಿನಲ್ಲಿ ಲಾರಿ ಮುಂದೆ ಹೋಗದೆ ಬಸ್ಸು ಹೊರಡುವ ಹಾಗಿಲ್ಲ. ಅವಳ ದಾರಿಯನ್ನು ನಾನು ಮೊದಲು ತೆಗೆಯುತ್ತಿದ್ದೆ. ತಿರುವಿನಲ್ಲಿ ಎದುರಾದಾಗ ಅವಳು ಎರಡು ಬೆರಳು ಎತ್ತುತ್ತಿದ್ದಳು, ನಾನೂ ಎತ್ತುತ್ತಿದ್ದೆ. ಹತ್ತೊಂಬತ್ತು ವರ್ಷದಲ್ಲಿ ನಾವು ಆಡಿದ ಮಾತು ಅಷ್ಟೇ ಅಂದರೂ ಸರಿ, ಆದರೆ ಅದು ಕಡಿಮೆ ಮಾತಲ್ಲ. ಅವಳು ಚುನಾವಣೆಗೆ ನಿಂತಾಗ ಕೇಳುವ ಮೊದಲೇ ಅವಳ ಬೋರ್ಡನ್ನು ನನ್ನ ಅಂಗಳದಲ್ಲಿ ನೆಟ್ಟೆ.

ಈಗ ಲರ್ಲೀನ್ ವಿಷಯ. ಅವಳು ನನ್ನ ಹೆಂಡತಿ. ನೆನಪು ಹೋಗಿ ಐದು ವರ್ಷ ಆಯಿತು. ಊರಿನ ಆರೈಕೆ ಮನೆಯ ಹದಿನಾಲ್ಕನೇ ಕೋಣೆಯಲ್ಲಿ ಮೂರು ವರ್ಷ ಇದ್ದಳು. ನಮ್ಮ ಮನೆಯಿಂದ ಅಲ್ಲಿಗೆ ನಡೆದರೆ ಒಂಬತ್ತು ನಿಮಿಷ. ನಾನು ದಿನಾ ಹನ್ನೊಂದೂವರೆಗೆ ಹೋಗಿ ಊಟ ಮಾಡಿಸುತ್ತಿದ್ದೆ. ಬೇರೆಯವರು ಚಮಚ ಹಿಡಿದರೆ ತುಟಿ ಬಿಗಿದುಕೊಳ್ಳುತ್ತಿದ್ದಳು. ನಾನು ಕುಳಿತ ಕೂಡಲೇ, ನಾನು ಯಾರು ಅಂತ ಗೊತ್ತಿಲ್ಲದಿದ್ದರೂ, “ರಸ್ತೆ ತೆರೆದಿದೆಯಾ?” ಅಂತ ಕೇಳುತ್ತಿದ್ದಳು. “ತೆರೆದಿದೆ” ಅನ್ನುತ್ತಿದ್ದೆ. ಆಗ ಬಾಯಿ ತೆರೆಯುತ್ತಿದ್ದಳು. ಮೂವತ್ತನಾಲ್ಕು ವರ್ಷ ನಾನು ಹಿಮ ತಳ್ಳಿ ಬಂದಾಗಲೆಲ್ಲ ಬಾಗಿಲಲ್ಲಿ ಅದೇ ಕೇಳಿ, ಆಮೇಲೆ ತಟ್ಟೆ ಇಡುತ್ತಿದ್ದಳು. ಅಲ್ಲಿ ಕೆಲಸದ ಹುಡುಗಿಯರು ತಾವೂ ಹಾಗೆ ಹೇಳಿ ನೋಡಿದರು. ಅವರ ಮಾತನ್ನು ಅವಳು ನಂಬಲಿಲ್ಲ. ನನ್ನ ಚಮಚದಿಂದ ತಿಂದಷ್ಟೇ ಅವಳ ಹೊಟ್ಟೆಗೆ ಹೋಗುತ್ತಿತ್ತು.

ಕಳೆದ ಜನವರಿಯಲ್ಲಿ ಆರೈಕೆ ಮನೆಯವರು ಎಲ್ಲ ಮನೆಗಳಿಗೂ ಕಾಗದ ಕಳಿಸಿದರು. ರಾಜ್ಯ ತನ್ನ ಪಾಲು ಹೆಚ್ಚಿಸದಿದ್ದರೆ ಜೂನ್ ಕೊನೆಗೆ ಬಾಗಿಲು ಹಾಕುತ್ತೇವೆ ಅಂತ. ಫೆಬ್ರವರಿಯಲ್ಲಿ ಕೊರಿನ್ ರೈತ ಸಂಘದ ಹಾಲ್‌ನಲ್ಲಿ ಸಭೆ ಕರೆದಳು. ಕುರ್ಚಿ ಸಾಲದೆ ಜನ ಗೋಡೆಗೆ ಒರಗಿ ನಿಂತಿದ್ದರು. ತನ್ನ ತಾಯಿ ಕಣ್ಣು ಮುಚ್ಚಿದ್ದು ಅದೇ ಮನೆಯಲ್ಲಿ, ಅದನ್ನು ಉಳಿಸುವ ಮಸೂದೆಗೆ ತನ್ನ ಹೆಸರೂ ಸೇರಿದೆ ಅಂದಳು. ನಾನು ಎದ್ದು ನಿಂತು ಚಪ್ಪಾಳೆ ತಟ್ಟಿದೆ. ದುಡ್ಡು ಎಲ್ಲಿಂದ ಬರುತ್ತದೆ ಅಂತ ಅವಳು ಹೇಳಲಿಲ್ಲ, ಒಬ್ಬರೂ ಕೇಳಲಿಲ್ಲ. ಕಡಲ ತೀರಕ್ಕೆ ಬೇಸಿಗೆ ಕಳೆಯಲು ಬರುವವರ ಹೋಟೆಲ್ ಕೋಣೆಗಳ ಮೇಲೆ ಒಂದಿಷ್ಟು ತೆರಿಗೆ, ಅದರಿಂದ ಅಂತ ಆಮೇಲೆ ಗೊತ್ತಾಯಿತು. ಹ್ಯಾಚ್ ಮಿಲ್ಸಿನಲ್ಲಿ ಹೋಟೆಲೇ ಇಲ್ಲ. ಇದ್ದ ಒಂದು ಸುಟ್ಟುಹೋಗಿ ಇಪ್ಪತ್ತು ವರ್ಷ ಆಯಿತು, ಅದರಲ್ಲೂ ಇಳಿದುಕೊಳ್ಳುತ್ತಿದ್ದವರು ಹೆಂಡತಿ ಹೊರಗೆ ಹಾಕಿದ ಗಂಡಸರು.

ಮಾರ್ಚಿನಲ್ಲಿ ವರ್ಷದ ಊರ ಸಭೆ. ಬಾಗಿಲ ಪಕ್ಕದ ಮೇಜಿನಲ್ಲಿ ಸೇಬಿನ ಪೈ, ಕಾಫಿ. ಅದರ ಪಕ್ಕದ ಮೇಜಿನಲ್ಲಿ ರಾಜಧಾನಿಯ ಯಾವುದೋ ಸಂಘದ ಇಬ್ಬರು ಶಾಸಕರಿಗೆ ಕಳಿಸುವ ಕಾರ್ಡು ಹರಡಿಕೊಂಡು ಕೂತಿದ್ದರು. ನಾನು ಎರಡಕ್ಕೆ ಸಹಿ ಹಾಕಿ, ಪೈ ತಿಂದು ಒಳಗೆ ಹೋದೆ. ಅದರ ಮಾತಿಗೆ ಆಮೇಲೆ ಬರುತ್ತೇನೆ.

ಮೇ ಎರಡನೇ ವಾರ ಮತದಾನ ಆಯಿತು. ನಮ್ಮ ವಾರಪತ್ರಿಕೆ ಶಾಸಕರ ಮತಗಳನ್ನು ಮೂರನೇ ಪುಟದಲ್ಲಿ ಹಾಕುತ್ತದೆ, ಮೀನು ಹಿಡಿಯುವ ಪರವಾನಗಿಯ ಸುದ್ದಿಯ ಕೆಳಗೆ. ಆರೈಕೆ ಮನೆಗಳ ಮಸೂದೆ ಹನ್ನೆರಡು ಮತಗಳ ಅಂತರದಲ್ಲಿ ಬಿದ್ದಿತ್ತು. ಪೆಲ್ಟಿಯರ್, ಹ್ಯಾಚ್ ಮಿಲ್ಸ್: ವಿರುದ್ಧ. ಸದನದಲ್ಲಿ ವಿರುದ್ಧ ಅನ್ನುವವರು ಕೆಂಪು ಗುಂಡಿ ಒತ್ತುತ್ತಾರೆ. ಅಚ್ಚಿನ ತಪ್ಪಿರಬೇಕು ಅಂತ ಕಚೇರಿಗೆ ಫೋನ್ ಮಾಡಿದೆ. ತಪ್ಪಿಲ್ಲ ಅಂದರು.

ಆ ಶನಿವಾರ ಸಂಘದ ಹಾಲ್‌ನಲ್ಲಿ ಕಾಳಿನ ಊಟ. ಕಾಕಂಬಿ, ಹಂದಿಕೊಬ್ಬು ಹಾಕಿ ಹಿಂದಿನ ದಿನದಿಂದ ಬೇಯಿಸಿದ ಕಾಳು, ಕಂದು ಬ್ರೆಡ್ಡು, ಕೋಸಿನ ಪಚಡಿ. ಏಪ್ರನ್ ಕಟ್ಟಿಕೊಂಡು ಸೌಟು ಹಿಡಿದು ನಿಂತವಳು ಕೊರಿನ್. ಹೆದರಿ ಮನೆಯಲ್ಲಿ ಕೂರುವವಳಲ್ಲ, ಅದನ್ನು ಒಪ್ಪಬೇಕು. ಸಾಲಿನಲ್ಲಿ ನನ್ನ ಮುಂದಿದ್ದ ಹೋಲಿಸ್, ಅವನು ನನ್ನ ಜೊತೆ ಲಾರಿ ಓಡಿಸುತ್ತಿದ್ದವನು, ನನ್ನ ಮುಖ ನೋಡಿ ಪಕ್ಕಕ್ಕೆ ಸರಿದ.

“ದಾರಿ ಬಿಡ್ರಪ್ಪ. ಇವತ್ತು ಲಾರಿ ಇಲ್ದೇನೇ ತಳ್ಕೊಂಡು ಹೋಗ್ತಾನೆ,” ಅಂದ.

ಕೊರಿನ್ ನನ್ನ ತಟ್ಟೆಗೆ ಬಡಿಸಿದಳು. “ಸಾಕಾ ವರ್ಲನ್, ಇನ್ನೊಂದು ಸೌಟು ಹಾಕ್ಲಾ?”

“ಕಾಳು ಇರ್ಲಿ. ಕೆಂಪು ಗುಂಡಿ ಯಾಕೆ ಒತ್ತಿದೆ ಹೇಳು.”

ಅವಳು ಸೌಟನ್ನು ಪಕ್ಕದವಳ ಕೈಗೆ ಕೊಟ್ಟು, ಒಳಗೆ ಬನ್ನಿ ಅಂತ ಅಡುಗೆಮನೆಗೆ ಕರೆದೊಯ್ದಳು. ತಟ್ಟೆ ಹಿಡಿದುಕೊಂಡೇ ಹೋದೆ. ಅವಳು ಬಾಗಿಲು ಹಾಕಿ, ತನ್ನ ಒಂದು ಮತದಿಂದ ಏನೂ ಬದಲಾಗುತ್ತಿರಲಿಲ್ಲ, ಬಿದ್ದಿದ್ದು ಹನ್ನೆರಡರಲ್ಲಿ ಅಂದಳು. ನಾನು ಲೆಕ್ಕ ಕೇಳಲಿಲ್ಲ, ಕಾರಣ ಕೇಳಿದೆ ಅಂದೆ. ಆಗ ಹಿಂಬಾಗಿಲಿಂದ ಹೋಗಿ ಕಾರಿನಿಂದ ಒಂದು ಬೂಟಿನ ಡಬ್ಬಿ ತಂದಳು. ಅದರ ತುಂಬ ಕಾರ್ಡು. ಅಂಚೆಯಲ್ಲಿ ಬಂದ ಪ್ರತಿಯೊಂದನ್ನೂ ಎಣಿಸಿ ಇಡುತ್ತಾಳಂತೆ, ಬಸ್ಸಿನಲ್ಲಿ ಮಕ್ಕಳ ತಲೆ ಎಣಿಸುತ್ತಿದ್ದ ಹಾಗೆ. ಹೊಸ ತೆರಿಗೆ ಬೇಡ ಅಂತ ಬಂದವು ಇನ್ನೂರ ಹನ್ನೆರಡು. ಆರೈಕೆ ಮನೆ ಮುಚ್ಚಬೇಡ ಅಂತ ಬಂದವು ಹನ್ನೊಂದು.

“ಆ ಹನ್ನೊಂದರಲ್ಲಿ ನಿಮ್ದಿಲ್ಲ,” ಅಂದಳು.

“ಎದ್ದು ನಿಂತು ಚಪ್ಪಾಳೆ ತಟ್ಟಿದ್ನಲ್ಲ, ನಿನ್ನ ಕಣ್ಣೆದುರೇ.”

“ಚಪ್ಪಾಳೇನ ಡಬ್ಬೀಲಿ ಹಾಕಿಡಕ್ಕಾಗಲ್ಲ ವರ್ಲನ್.”

ಅವಳು ಬೆರಳಲ್ಲಿ ಹುಡುಕಿ ಒಂದು ಕಾರ್ಡು ಎಳೆದಳು. ಕೆಳಗೆ ನನ್ನ ಸಹಿ. ಯಾರೋ ಪೈ ತಿನ್ನಿಸಿ ಹಾಕಿಸಿಕೊಂಡರು ಅಂತ ಹೇಳಬೇಕೆಂದಿದ್ದೆ. ಆದರೆ ಆ ಕಾರ್ಡಿನಲ್ಲಿ ‘ನಿಮ್ಮದೇ ಮಾತಿನಲ್ಲಿ’ ಅಂತ ಒಂದು ಖಾಲಿ ಗೆರೆ ಇತ್ತು. ಹೆಚ್ಚಿನವರು ಅದನ್ನು ಹಾಗೇ ಬಿಟ್ಟಿದ್ದರು. ನಾನು ಬಿಟ್ಟಿರಲಿಲ್ಲ. ‘ಗಟ್ಟಿಯಾಗಿ ನಿಲ್ಲು ಕೊರಿನ್. ಒಂದು ಸೆಂಟೂ ಜಾಸ್ತಿ ಬೇಡ’ ಅಂತ ದಪ್ಪ ಅಕ್ಷರದಲ್ಲಿ ಬರೆದು ಕೆಳಗೆ ಗೆರೆ ಬೇರೆ ಎಳೆದಿದ್ದೆ. ಯಾರೂ ನನ್ನ ಕೈ ಹಿಡಿದು ಬರೆಸಿದ್ದಲ್ಲ. ಅವತ್ತು ಅದನ್ನು ಬರೆದಾಗ ನನಗೆ ಖುಷಿಯಾಗಿತ್ತು.

ಅವಳು ಡಬ್ಬಿ ಮುಚ್ಚುವವಳಿದ್ದಳು. ನನಗೆ ಆಗ ಎರಡನೆಯದು ನೆನಪಾಯಿತು. ಅದನ್ನೂ ತೆಗೆ ಅಂದೆ. ಬೇಡ ಅಂದಳು. ತೆಗೆ ಅಂದೆ.

ಲರ್ಲೀನ್ ಹ್ಯಾಸ್ಕೆಲ್ ಅಂತ ಸಹಿ, ನನ್ನ ಕೈಬರಹದಲ್ಲಿ. ಐದು ವರ್ಷದಿಂದ ಅವಳ ಸಹಿ ಎಲ್ಲ ಕಡೆ ನಾನೇ ಹಾಕುತ್ತಿದ್ದೆ, ಔಷಧಿಗೆ, ಪಿಂಚಣಿಗೆ, ಹುಟ್ಟುಹಬ್ಬದ ಕಾಗದಗಳಿಗೆ. ಕೈ ತಾನಾಗಿ ಹೋಗಿತ್ತು. ವಿಳಾಸದ ಜಾಗದಲ್ಲಿ ಆರೈಕೆ ಮನೆಯ ಹೆಸರು, ಕೋಣೆ ಹದಿನಾಲ್ಕು. ಆ ಕೋಣೆ ಉಳಿಸಬೇಡ ಅಂತ ಆ ಕೋಣೆಯಿಂದಲೇ ಹೋದ ಕಾಗದ.

“ಅವಳಿಗೆ ಚಮಚ ಹಿಡಿಯಕ್ಕೂ ಬರಲ್ಲ. ಇದು ಅವಳು ಹಾಕಿದ್ದಲ್ಲ ಅಂತ ನಿನಗೆ ಗೊತ್ತಿತ್ತು.”

“ಗೊತ್ತಿತ್ತು.”

“ಆದ್ರೂ ಎಣಿಸಿದೆ.”

“ನಿಮ್ಮ ಮನೆಯವರ ಹೆಸರು ಹೊಡೆದುಹಾಕಕ್ಕೆ ನಾನ್ಯಾರು ವರ್ಲನ್? ನೀವೇ ಬರೆದಿದ್ದು.” ಅವಳು ಏಪ್ರನ್ನಿನಲ್ಲಿ ಕೈ ಒರೆಸಿಕೊಂಡಳು. “ನನಗೆ ಸುಲಭ ಆಗಿತ್ತು ಅಂತ ಅನ್ಕೋಬೇಡಿ.”

“ಅನ್ಕೊಂಡಿಲ್ಲ. ಇನ್ನೂ ಸ್ವಲ್ಪ ಕಷ್ಟ ಆಗ್ಬೇಕಿತ್ತು.”

ಆ ಕಾರ್ಡನ್ನು ವಾಪಸು ಕೊಡು ಅಂತ ಕೇಳಿದೆ. ಶಾಸಕರಿಗೆ ಬಂದ ಕಾಗದ, ದಾಖಲೆಯಾಗಿ ಇಡಬೇಕು, ಕೊಡುವ ಹಾಗಿಲ್ಲ ಅಂದಳು. ನಿಜವೇ ಇರಬಹುದು. ನಾನು ಹೊರಗೆ ಬಂದು ಕುಳಿತೆ. ಕಾಳು ಆರಿತ್ತು. ತಿಂದೆ. ಹೋಲಿಸ್ ಏನಾಯಿತು ಅಂತ ಕೇಳಿದಾಗ ಏನಿಲ್ಲ ಅಂದೆ. ಅವನೂ ಆ ಇನ್ನೂರ ಹನ್ನೆರಡರಲ್ಲಿ ಒಬ್ಬ. ಆ ಹಾಲ್‌ನಲ್ಲಿ ಕೂತಿದ್ದವರಲ್ಲಿ ಅರ್ಧ ಜನ ಡಬ್ಬಿಯ ಒಳಗೇ ಇದ್ದರು, ಎಲ್ಲರೂ ಕಂದು ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಆರೈಕೆ ಮನೆಯ ಗತಿ ಹೀಗಾಯಿತಲ್ಲ ಅಂತ ಮರುಗುತ್ತಿದ್ದರು.

ಜೂನ್ ಇಪ್ಪತ್ತೆಂಟಕ್ಕೆ ಲರ್ಲೀನಳನ್ನು ಗಾಲಿಕುರ್ಚಿ ಸಮೇತ ವ್ಯಾನಿಗೆ ಹತ್ತಿಸಿದರು. ಹೊಸ ಜಾಗ ತೊಂಬತ್ತಾರು ಮೈಲಿ ದಕ್ಷಿಣಕ್ಕೆ. ನನ್ನ ಕಣ್ಣಿನ ದೆಸೆಯಿಂದ ಪರವಾನಗಿಯವರು ನನಗೆ ಊರ ಆಚೆ ಓಡಿಸಬೇಡ ಅಂದಿದ್ದಾರೆ. ಮೂವತ್ತನಾಲ್ಕು ವರ್ಷ ಬಿರುಗಾಳಿಯಲ್ಲಿ ಓಡಿಸಿದವನಿಗೆ. ಕೊರಿನ್ ಮನೆಗೆ ಬಂದು, ಭಾನುವಾರ ತಾನು ಕರೆದೊಯ್ಯುತ್ತೇನೆ ಅಂದಳು. ಬೇಡ ಅಂದೆ. ಮಂಗಳವಾರ, ಶುಕ್ರವಾರ ಹೋಲಿಸ್ ಕರೆದೊಯ್ಯುತ್ತಾನೆ, ದಾರಿಯುದ್ದಕ್ಕೂ ಸರ್ಕಾರವನ್ನು ಬೈಯುತ್ತ.

ಹೊಸ ಜಾಗದಲ್ಲಿ ಲರ್ಲೀನ್ ರಸ್ತೆಯ ಮಾತೇ ನಿಲ್ಲಿಸಿದಳು. ನಾನಾಗಿ “ರಸ್ತೆ ತೆರೆದಿದೆ” ಅಂದರೂ ಕಿಟಕಿ ಕಡೆ ನೋಡುತ್ತಿದ್ದಳು. ಚಮಚ ಮುಟ್ಟಿಸಿದರೆ ತುಟಿ ಬಿಗಿ. ಅಲ್ಲಿಯ ದಾದಿ ಡಾರ್ಲಾ ಒಳ್ಳೆಯವಳೇ, ಆದರೆ ಅವಳಿಗೆ ನೋಡಿಕೊಳ್ಳಲು ಹತ್ತೊಂಬತ್ತು ಜನ. ಆಗಸ್ಟ್ ಕೊನೆಗೆ ಲರ್ಲೀನ್ ಇಪ್ಪತ್ತೊಂದು ಪೌಂಡ್ ಇಳಿದಿದ್ದಳು. ಉಂಗುರ ಜಾರುತ್ತದೆ ಅಂತ ಬಿಚ್ಚಿ ನನ್ನ ಕೈಗೆ ಕೊಟ್ಟರು.

ಸೆಪ್ಟೆಂಬರಿನಲ್ಲಿ ಮತ್ತೆ ಚುನಾವಣೆಯ ಗಾಳಿ. ಕೊರಿನ್‌ಳ ಹೊಸ ಕಾರ್ಡು ಬಂತು. ‘ನಮ್ಮೂರಿಗಾಗಿ’ ಮಗ್ಗುಲಲ್ಲಿ ಆರೈಕೆ ಮನೆಯ ಸಾಲು ಇರಲಿಲ್ಲ. ಆ ಜಾಗದಲ್ಲಿ ‘ಹಿರಿಯರಿಗೆ ಪ್ರಯಾಣದ ಸೌಲಭ್ಯ’ ಅಂತಿತ್ತು. ಅದೇ ವಾರ ಇನ್ನೊಂದು ಲಕೋಟೆ ಬಂತು, ಅಂಚೆಯವರ ಹಳದಿ ಚೀಟಿ ಅಂಟಿಸಿಕೊಂಡು. ಮೇಲಿನ ವಿಳಾಸ ಲರ್ಲೀನ್ ಹ್ಯಾಸ್ಕೆಲ್, ಕೋಣೆ ಹದಿನಾಲ್ಕು. ಮುಚ್ಚಿದ ಮನೆಯಿಂದ ಸುತ್ತಿಕೊಂಡು ನನ್ನಲ್ಲಿಗೆ ಬಂದಿತ್ತು. ನಾನು ಒಡೆಯಲಿಲ್ಲ. ಅವಳ ಹೆಸರಿನದನ್ನು ಒಡೆದು, ಸಹಿ ಹಾಕಿ ಸಾಕಾಗಿತ್ತು. ಶುಕ್ರವಾರ ಹಾಗೇ ಒಯ್ದೆ. ಡಾರ್ಲಾ ಅದನ್ನು ನೋಡಿ, ನಿಮಗೆ ಕಾಗದ ಬಂದಿದೆ ಅಂತ ಲರ್ಲೀನಳಿಗೆ ಹೇಳಿ, ಲಕೋಟೆ ಒಡೆದು, ಓದಿ ಅಂತ ನನ್ನ ಕೈಗೇ ಕೊಟ್ಟಳು. ಓದಿದೆ.

‘ಪ್ರಿಯ ಲರ್ಲೀನ್, ರಾಜ್ಯದ ಖರ್ಚಿನ ಬಗ್ಗೆ ನಿಮ್ಮ ಅಭಿಪ್ರಾಯ ತಿಳಿಸಿದ್ದಕ್ಕೆ ಧನ್ಯವಾದ. ನಿಮ್ಮ ಮಾತು ನನಗೆ ಕೇಳಿಸಿತು. ಮತದಾನದ ದಿನ ನಾನು ನಿಮ್ಮ ಜೊತೆ ನಿಂತೆ.’

ಕೆಳಗೆ ಕೊರಿನ್‌ಳ ಸಹಿ, ನೀಲಿ ಶಾಯಿಯಲ್ಲಿ, ಅವಳದೇ ಕೈ. ಇನ್ನೂರ ಹನ್ನೆರಡು ಲಕೋಟೆಗಳ ರಾಶಿಯಲ್ಲಿ ಹೆಸರು ನೋಡದೆ ಹಾಕಿದ್ದೋ, ನೋಡಿಯೇ ಹಾಕಿದ್ದೋ, ನಾನು ಕೇಳಿಲ್ಲ.

ಲರ್ಲೀನ್ ಕಿಟಕಿಯಿಂದ ಈ ಕಡೆ ತಿರುಗಿದ್ದಳು.

“ಒಳ್ಳೇವಳು. ಯಾರದು?”

“ಶಾಲೆ ಬಸ್ಸಿನವಳು.”

“ಬಸ್ಸು ಬಂತಾ? ಹಾಗಿದ್ರೆ ರಸ್ತೆ ತೆರೆದಿದೆ.”

ಬಾಯಿ ತೆರೆದಳು. ಏಳು ಚಮಚ ಆಲೂಗಡ್ಡೆ ತಿಂದಳು. ಡಾರ್ಲಾ ಪಟ್ಟಿಯಲ್ಲಿ ಬರೆದುಕೊಂಡು, ಏನು ಮಾಡಿದಿರಿ ಅಂತ ಕೇಳಿದಳು.

ಈಗ ವಾರಕ್ಕೆ ಎರಡು ದಿನ ಆ ಕಾಗದ ಓದುತ್ತೇನೆ. ಬೇರೆ ಏನು ಓದಿದರೂ ಆಗುವುದಿಲ್ಲ, ನೋಡಿದ್ದೇನೆ. ಡಾರ್ಲಾ ಓದಿದರೂ ಆಗುವುದಿಲ್ಲ. ಮಡಿಕೆಯಲ್ಲಿ ಕಾಗದ ಹರಿಯುತ್ತಿದೆ, ಹಿಂದಿನಿಂದ ಟೇಪು ಹಾಕಿದ್ದೇನೆ. ಧನ್ಯವಾದದ ತನಕ ಲರ್ಲೀನ್ ಸುಮ್ಮನಿರುತ್ತಾಳೆ. ‘ನಾನು ನಿಮ್ಮ ಜೊತೆ ನಿಂತೆ’ ಅನ್ನುವ ಸಾಲನ್ನು ಸ್ವಲ್ಪ ಗಟ್ಟಿಯಾಗಿ ಓದಬೇಕು. ಆಗ ತಿರುಗುತ್ತಾಳೆ. ಒಂದು ಕೈಯಲ್ಲಿ ಕಾಗದ ಹಿಡಿದು, ಇನ್ನೊಂದು ಕೈಯಲ್ಲಿ ಚಮಚ ಸಿದ್ಧ ಇಟ್ಟುಕೊಂಡಿರುತ್ತೇನೆ.