ಅಮಾವಾಸ್ಯೆಯ ಲಾಳಿ

ನಾನು ಒಂದು ಲಾಳಿ. ಗುಳೇದಗುಡ್ಡದ ಒಂದು ಕುಣಿಮಗ್ಗದಲ್ಲಿ ಕುಪ್ಪಸದ ಖಣ ನೇಯುತ್ತ ಸವೆದವನು. ಬಡಿಗನೊಬ್ಬ ಗಟ್ಟಿಮರವನ್ನು ದೋಣಿಯ ಹಾಗೆ ಕೆತ್ತಿ, ನಡುವೆ ಹೊಟ್ಟೆ ತೋಡಿ, ಎರಡು ತುದಿಗೂ ಉಕ್ಕಿನ ಮೂತಿ ಕೂಡಿಸಿದ. ಆ ಹೊಟ್ಟೆಯಲ್ಲಿ ನೂಲು ಸುತ್ತಿದ ಕಂಡಿಕೆ ಇಟ್ಟರೆ ನಾನು ಮಗ್ಗಕ್ಕೆ ಬಿಗಿದ ಹಾಸಿನ ಎಳೆಗಳ ನಡುವೆ ಅತ್ತಿಂದಿತ್ತ ಓಡಬೇಕು. ಓಡುವುದೇ ನನ್ನ ಬಾಳು ಎಂದುಕೊಂಡಿದ್ದೆ.

ನನ್ನನ್ನು ಮೊದಲು ಓಡಿಸಿದವರು ರಾಚಪ್ಪನವರು. ಮುಂಗೋಪಿ, ಆದರೆ ಕೈ ಮಾತ್ರ ಬಲು ಮೃದು. ಅವರು ತೀರಿಕೊಂಡ ಮೇಲೆ ಮಗ ಬನಪ್ಪ ಅದೇ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತ. ಅಷ್ಟರಲ್ಲಿ ನನ್ನ ಮೈ ಒರಟಾಗಿ ಎಳೆಗಳು ಹರಿಯತೊಡಗಿದ್ದವು. ಅವನು ಹೊಸ ಲಾಳಿ ತಂದ. ಅಪ್ಪನ ಕೈ ತಾಗಿದ್ದು ಎಂದು ನನ್ನನ್ನು ಎಸೆಯದೆ ಗೋಡೆಯ ಗೂಟಕ್ಕೆ ತೂಗುಹಾಕಿದ.

ನಮ್ಮ ಓಣಿಯಲ್ಲಿ ಅಮಾವಾಸ್ಯೆಗೆ ಯಾರೂ ಮಗ್ಗ ಹೂಡುವುದಿಲ್ಲ. ಅಂಥ ಒಂದು ಬಿಡುವಿನ ದಿನವೇ ಗೆಳೆಯ ಪರಸಪ್ಪ ಬನಪ್ಪನನ್ನು ಗುಡ್ಡದ ಬಂಡೆಗಳ ನಡುವೆ ಕರೆದೊಯ್ದು ಗಾಂಜಾ ಸೇದಲು ಕಲಿಸಿದ್ದು. ಮೊದಮೊದಲು ಅಮಾವಾಸ್ಯೆಗೆ ಮಾತ್ರ. ಆಮೇಲೆ ವಾರವಾರ, ಆಮೇಲೆ ಮಗ್ಗಕ್ಕೆ ಇಳಿಯುವ ಮುಂಚೆಯೇ. ಖಣದ ಅಂಚು ಸೊಟ್ಟಗಾಯಿತು. ಹೆಂಡತಿ ಕಸ್ತೂರೆವ್ವ ಬೇಡಿಕೊಂಡಳು, ಜಗಳವಾಡಿದಳು, ಕೊನೆಗೆ ತನ್ನ ಅಣ್ಣನನ್ನು ಕರೆಸಿ ಗಂಡನನ್ನು ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದಳು.

ಬನಪ್ಪ ಮೈ ತುಂಬಿಕೊಂಡು ಮರಳಿದ. ಬಂದವನೇ ಜಂತಿಯ ಸಂದಿಯಲ್ಲಿ, ಮಗ್ಗದ ಕುಣಿಯಲ್ಲಿ, ಜೋಳದ ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದ ಗಾಂಜಾವನ್ನೆಲ್ಲ ತೆಗೆದು ಅವಳ ಕಣ್ಣೆದುರೇ ಗಟಾರಕ್ಕೆ ಸುರಿದ. ಅವಳು ಸಮಾಧಾನದಿಂದ ಅತ್ತಳು. ನನಗೆ ಸಮಾಧಾನವಿರಲಿಲ್ಲ. ನನ್ನ ಹೊಟ್ಟೆಯಲ್ಲಿ, ಅವನೇ ತುರುಕಿದ್ದ ಚಿಂದಿಯ ಅಡಿಯಲ್ಲಿ, ಇನ್ನೊಂದು ಪೊಟ್ಟಣ ಇತ್ತು. ಅವನು ಮರೆತಿರಲಿಲ್ಲ. ಕೈ ತೊಳೆಯುವಾಗ ನನ್ನ ಕಡೆ ಒಮ್ಮೆ ನೋಡಿ ತಲೆ ತಗ್ಗಿಸಿದ್ದ.

ಮಗ್ಗ ನಡೆಯುವ ದಿನ ಅವನಿಗೆ ಅಷ್ಟು ಕಷ್ಟವಿರಲಿಲ್ಲ, ಕೈಗೂ ಕಾಲಿಗೂ ಕೆಲಸವಿರುತ್ತಿತ್ತು. ಅಮಾವಾಸ್ಯೆ ಬಂತು. ಮಗ್ಗ ಸುಮ್ಮನಾಯಿತು. ಬೆಳಗಿನಿಂದ ಅವನು ಒಳಗೂ ಹೊರಗೂ ತಿರುಗಾಡಿದ, ಚಹಾ ಕುಡಿದ, ಮತ್ತೆ ಕುಡಿದ. ಓಣಿಯ ತುದಿಯಲ್ಲಿ ಪರಸಪ್ಪನ ಸಿಳ್ಳೆ ಕೇಳಿತು. ಬನಪ್ಪ ಹೊರಗೆ ಹೋಗಲಿಲ್ಲ. ನೇರ ಬಂದು ನನ್ನನ್ನು ಗೂಟದಿಂದ ಇಳಿಸಿದ. ಅಷ್ಟು ವರ್ಷ ಓಡಿದವನು ನಾನು, ಈ ಹೊತ್ತು ಅವನ ಕೈಯಿಂದ ಓಡಿಹೋಗಲಾರೆನಲ್ಲ ಎಂದು ಸಂಕಟಪಟ್ಟೆ.

ಅವನ ಹೆಬ್ಬೆರಳು ಚಿಂದಿಯನ್ನು ಅಲುಗಿಸಿತು. ಅಲ್ಲೇ ನಿಂತಿತು. ಬಳಿಕ ಅವನು ಅಡುಗೆಮನೆಗೆ ಹೋಗಿ ನನ್ನನ್ನು ಕಸ್ತೂರೆವ್ವನ ಮುಂದೆ ಹಿಡಿದ.

"ಇದರಾಗ ಇನ್ನೂ ಐತಿ. ಎಲ್ಲಾ ಚೆಲ್ಲೀನಿ ಅಂತ ನಿನಗ ಸುಳ್ಳ ಹೇಳಿದ್ನಿ. ನಾ ತಗದ್ರ ಸೇದತೀನಿ. ನೀ ತಗಿ."

ಅವಳ ಮುಖ ಕಪ್ಪಿಟ್ಟಿತು. ಪೊಟ್ಟಣ ಕಿತ್ತು ಒಲೆಯ ಕಡೆ ತಿರುಗಿದಳು.

"ಒಲ್ಯಾಗ ಬ್ಯಾಡ," ಎಂದ ಬನಪ್ಪ. "ಹೊಗಿ ಬರತೈತಿ. ತಡ್ಕೊಳ್ಳಾಕ ಆಗೂದಿಲ್ಲ ನನಗ."

ಅವಳು ಅದನ್ನು ಸಗಣಿಯಲ್ಲಿ ಕಲಸಿ ತಿಪ್ಪೆಗೆ ಎಸೆದು ಬಂದಳು. ಮೂಲೆಯಲ್ಲಿದ್ದ ಸಿಕ್ಕುಗಟ್ಟಿದ ನೂಲನ್ನು ತಂದು ಅವನ ಮಡಿಲಿಗೆ ಹಾಕಿದಳು.

"ಅಮಾಸಿಗೆ ಮಗ್ಗ ಹೂಡಬಾರದು, ಖರೆ. ಕೈಕಟ್ಟಿ ಕುಂದ್ರಬೇಕಂತ ಯಾರು ಹೇಳ್ಯಾರ? ಇದನ್ನ ಬಿಡಸ್ರಿ."

ಸಂಜೆಯವರೆಗೆ ಅವನು ಸಿಕ್ಕು ಬಿಡಿಸಿದ. ಬಿಡಿಸಿದ್ದನ್ನು ಕಂಡಿಕೆಗೆ ಸುತ್ತಿ ನನ್ನ ಹೊಟ್ಟೆಯಲ್ಲಿಟ್ಟ.

ಈಗ ನನಗೆ ವಯಸ್ಸಾಗಿದೆ. ಮೂತಿಯ ಉಕ್ಕಿಗೆ ತುಕ್ಕು ಹಿಡಿದಿದೆ. ತಿಂಗಳು ಪೂರ್ತಿ ಹರಿದು ಸಿಕ್ಕಾದ ನೂಲನ್ನು ಕಸ್ತೂರೆವ್ವ ಎತ್ತಿಟ್ಟು ಅಮಾವಾಸ್ಯೆಗೆ ಅವನ ಮುಂದಿಡುತ್ತಾಳೆ. ಕೆಂಪು, ಹಸಿರು, ಕಪ್ಪು ಎಲ್ಲ ಬೆರೆತು ಗಂಟುಗಂಟಾದ ಆ ನೂಲಿನಿಂದ ಖಣ ಆಗುವುದಿಲ್ಲ. ಅದು ಇಬ್ಬರಿಗೂ ಗೊತ್ತು. ಬನಪ್ಪ ತಾನು ಗೆದ್ದೆ ಎಂದು ಎಲ್ಲಿಯೂ ಹೇಳಿಕೊಳ್ಳುವುದಿಲ್ಲ. ಓಣಿಯಲ್ಲಿ ಸಿಳ್ಳೆ ಇಂದಿಗೂ ಕೇಳುತ್ತದೆ. ಕೇಳಿದಾಗ ಅವನ ಬೆರಳುಗಳು ನಿಲ್ಲುತ್ತವೆ, ಕಣ್ಣು ಬಾಗಿಲ ಕಡೆ ಹೋಗುತ್ತದೆ. ಅವನು ನನ್ನನ್ನು ಎತ್ತಿಕೊಂಡು ಹೊಟ್ಟೆ ಮುಟ್ಟಿ ನೋಡುತ್ತಾನೆ. ಕೈಗೆ ನೂಲು ಸಿಗುತ್ತದೆ. ಮತ್ತೆ ಸಿಕ್ಕಿನೊಳಗೆ ಎಳೆಯ ತುದಿ ಹುಡುಕತೊಡಗುತ್ತಾನೆ.