ಗೋಡೆಯಾಚೆಯ ಬಳೆ ಸದ್ದು

ಮೊರದಲ್ಲಿ ಅಕ್ಕಿ ಹರವಿಕೊಂಡು ಕಲ್ಲು ಹೆಕ್ಕುತ್ತಿದ್ದೆ. ಅರ್ಧ ಮುಗಿದಿತ್ತು. ಮೊರವನ್ನು ಎತ್ತಿ ಒಮ್ಮೆ ಕೇರಿದಾಗ ಕೈಯ ಗಾಜಿನ ಬಳೆಗಳು ಒಂದಕ್ಕೊಂದು ತಾಗಿ ಕಿಣಿಗುಟ್ಟಿದವು. ಬೆಚ್ಚಿ ಕೈ ನಿಲ್ಲಿಸಿದೆ. ಕಾತ್ಯಕ್ಕ ಮನೆ ಬಿಟ್ಟು ಹನ್ನೊಂದು ದಿನವಾಗಿತ್ತು. ಆ ಹನ್ನೊಂದು ದಿನವೂ ನನ್ನ ಬಳೆಗಳ ಸದ್ದಿಗೆ ನಾನೇ ಹೀಗೆ ಬೆಚ್ಚುತ್ತಿದ್ದೆ.

ನಡುಮನೆಯ ಗೋಡೆಯ ಮೇಲೆ ಮೆಣಸಿನಕಾಳಿನಷ್ಟು ಪುಟ್ಟ ಕೆಂಪು ದೀಪ ಉರಿಯುತ್ತಿತ್ತು. ನಾಲ್ಕು ದಿನದಿಂದ ಅದು ಆರಿರಲಿಲ್ಲ. ಮೆಕ್ಯಾನಿಕ್ ಡೇವಿಡಪ್ಪನವರು ಹತ್ತು ಗಂಟೆಗೆ ಬರುತ್ತೇನೆಂದು ಹೇಳಿಕಳಿಸಿದ್ದರು.

ನಮ್ಮದು ಬೆಟ್ಟದ ಮೇಲಿನ ಊರು. ಕಾರ್ತಿಕ ಕಳೆಯುವುದರೊಳಗೆ ಹುಲ್ಲಿನ ಮೇಲೆ ಇಬ್ಬನಿ ಬಿಳಿ ಹರಳಾಗಿ ಕೂರುವಷ್ಟು ಚಳಿ. ಅಗ್ಗಿಷ್ಟಿಕೆಯ ಹೊಗೆ ಎದೆಗೆ ಒಗ್ಗುವುದಿಲ್ಲವೆಂದು ಯಜಮಾನರು ಮನೆಗೆ ಹೀಟ್ ಪಂಪ್ ಹಾಕಿಸಿದ್ದರು. ಹಿತ್ತಿಲ ಗೋಡೆಗೆ ಹತ್ತಿದಂತೆ ಫ್ಯಾನಿರುವ ಒಂದು ದೊಡ್ಡ ಪೆಟ್ಟಿಗೆ. ಹೊರಗಿನ ಗಾಳಿ ನಮಗೆಷ್ಟೇ ತಣ್ಣಗೆ ಕಂಡರೂ ಅದರಲ್ಲಿರುವ ಅಷ್ಟಿಷ್ಟು ಕಾವನ್ನು ಅದು ಹೀರಿ ಮನೆಯೊಳಗೆ ಕಳಿಸುತ್ತದೆ. ಅದರ ಕೈಲಿ ಆಗದೆ ಹೋದಾಗ ಒಳಗಿರುವ ಕರೆಂಟಿನ ಕಾಯಿಲ್ ತಾನಾಗಿ ಕಾಯತೊಡಗುತ್ತದೆ. ಆಗ ಈ ಕೆಂಪು ದೀಪ ಹತ್ತುತ್ತದೆ.

ಕಾತ್ಯಾಯಿನಿ ನನ್ನ ಓರಗಿತ್ತಿ. ಭಾವನವರು ತೀರಿಕೊಂಡ ಮೇಲೆ ನಮ್ಮಲ್ಲಿಗೇ ಬಂದಿದ್ದರು. ಅವರಿಗೆ ಹಿತ್ತಿಲ ಕಡೆಯ ಕೋಣೆ ಕೊಟ್ಟೆವು. ಅವರ ಮಂಚದ ತಲೆದೆಸೆಗೆ ಆ ಗೋಡೆ, ಗೋಡೆಯಾಚೆಗೆ ಆ ಪೆಟ್ಟಿಗೆ. ನನಗೆ ಸೊಂಟ ಹಿಡಿದರೆ ಒಲೆಯ ಮುಂದೆ ಅವರು ನಿಲ್ಲುತ್ತಿದ್ದರು. ನನಗೆ ಜ್ವರ ಬಂದರೆ ಮನೆಗೆ ಗೊತ್ತೇ ಆಗುತ್ತಿರಲಿಲ್ಲ, ಎಲ್ಲವೂ ಹೊತ್ತಿಗೆ ಸರಿಯಾಗಿ ನಡೆಯುತ್ತಿತ್ತು. ಅವರು ಹುಳಿ ಮಾಡಿದ ದಿನ ಯಜಮಾನರು ಇನ್ನೊಂದು ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದರು. ನಾನದನ್ನು ನೋಡುತ್ತಿದ್ದೆ.

ಆ ವರ್ಷದ ಆಯುಧಪೂಜೆಗೆ ಮನೆಯ ಯಂತ್ರಗಳನ್ನೆಲ್ಲ ತೊಳೆದು ಒರೆಸಿ ಕುಂಕುಮವಿಟ್ಟೆವು. ಮಿಕ್ಸಿಗೆ, ಸ್ಕೂಟರಿಗೆ, ಹೊಲಿಗೆ ಯಂತ್ರಕ್ಕೆ ಹೂವು. ಹಿತ್ತಿಲ ಪೆಟ್ಟಿಗೆಯ ಸರದಿ ಬಂದಾಗ ಯಜಮಾನರು, “ಜಾಲರಿಗೆ ಹಾರಗೀರ ಕಟ್ಟಬೇಡ ಕಣೇ, ಮೇಲೊಂದು ಹೂವಿಡು ಸಾಕು” ಎಂದಿದ್ದರು. ನನಗೆ ಸಮಾಧಾನವಾಗಲಿಲ್ಲ. ಮನೆಯನ್ನೆಲ್ಲ ಬೆಚ್ಚಗಿಡುವ ದೇವರಿಗೆ ಒಂಟಿ ಹೂವೇ? ಅವರು ಸ್ನಾನಕ್ಕೆ ಹೋದಾಗ, ದಾರ ಮುಗಿದಿದ್ದರಿಂದ ಬಳ್ಳಿ ಕಟ್ಟುವ ಸಣ್ಣ ತಂತಿಗೇ ಚೆಂಡುಹೂ ಪೋಣಿಸಿ ಜಾಲರಿಗೆ ಸುತ್ತಿ ಬಿಗಿದೆ. ಮರುದಿನ ತೆಗೆಯುವುದು ಮರೆಯಿತು. ವಾರದ ಮೇಲೆ ನೆನಪಾಗಿ ಎಳೆದರೆ ಅರ್ಧ ಕೈಗೆ ಬಂತು. ಉಳಿದರ್ಧ ತುಂಡಾಗಿ ಒಳಗೆ ಜಾರಿತು. ಬಗ್ಗಿ ನೋಡಿದೆ, ಕಾಣಲಿಲ್ಲ. ಹೇಳಿದರೆ ಬೈಸಿಕೊಳ್ಳಬೇಕು. ಒಣಗಿ ಪುಡಿಯಾಗಿ ಹೋಗುತ್ತದೆ ಬಿಡು ಅಂದುಕೊಂಡೆ. ತಂತಿ ಒಣಗುವುದಿಲ್ಲ ಎಂಬುದು ನನಗೆ ಗೊತ್ತಿರಲಿಲ್ಲವೆಂದು ಹೇಗೆ ಹೇಳಲಿ?

ಅದಾಗಿ ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ ಕಾಫಿ ಸೋಸುತ್ತ ಕಾತ್ಯಕ್ಕ ಕೇಳಿದರು: “ಬೆಳಗಿನ ಜಾವ ನೀನೇನಾದ್ರೂ ಹಿತ್ತಿಲಿಗೆ ಹೋಗಿದ್ಯೇನೇ?”

“ಇಲ್ವಲ್ಲ ಅಕ್ಕ. ಯಾಕೆ?”

“ಗೋಡೆ ಆಚೆ ಯಾರೋ ಬಳೆ ಆಡಿಸಿದ ಹಾಗಾಯ್ತು. ಕಿಣಿಕಿಣಿ ಅಂತ. ಎರಡೇ ನಿಮಿಷ. ಆಮೇಲೆ ಇಲ್ಲ.”

ಯಜಮಾನರು ನಕ್ಕರು. “ಬಳೆಗಾರ ದಾರಿ ತಪ್ಪಿ ಹಿತ್ತಿಲಿಗೆ ಬಂದಿರ್ಬೇಕು ಅತ್ತಿಗೆ.”

ಹೇಳಿದ ಮೇಲೆ ಅವರಿಗೇ ನಾಲಿಗೆ ಕಚ್ಚಿಕೊಳ್ಳುವಂತಾಯಿತು. ಕಾತ್ಯಕ್ಕ ತಾವೂ ನಕ್ಕರು. ನಗುತ್ತಲೇ ಬರಿಗೈಗಳನ್ನು ಸೆರಗಿನೊಳಗೆ ಎಳೆದುಕೊಂಡರು.

ಸದ್ದು ನಿಲ್ಲಲಿಲ್ಲ. ಒಂದು ದಿನ ಯಜಮಾನರು ಸಂಜೆ ಬಂದವರು ಕಾಲು ಗಂಟೆ ಆ ಗೋಡೆಗೆ ಕಿವಿಗೊಟ್ಟು ನಿಂತರು. ಯಂತ್ರ ಎಂದಿನಂತೆ ಗುಂಯ್‌ಗುಟ್ಟುತ್ತಿತ್ತು. ಮನೆ ಬೆಚ್ಚಗಿತ್ತು. “ಮಿಷನ್ ಕೆಟ್ಟಿದ್ರೆ ಮನೆ ತಣ್ಣಗಾಗ್ಬೇಕಲ್ಲ?” ಎಂದರು. ಕೆಂಪು ದೀಪ ಮೊದಲಿಗಿಂತ ಹೆಚ್ಚು ಹೊತ್ತು ಉರಿಯುತ್ತಿದ್ದುದನ್ನು ಚಳಿಯ ಲೆಕ್ಕಕ್ಕೆ ಹಾಕಿದೆವು. ರಾತ್ರಿ ಊಟಕ್ಕೆ ಕೂತಾಗ ಅವರು ತಗ್ಗಿದ ದನಿಯಲ್ಲಿ, “ಅತ್ತಿಗೆಗೆ ಅಣ್ಣನ ಕೊರಗು ಇನ್ನೂ ಹೋಗಿಲ್ಲ ಕಣೇ. ಬಳೆ ಸದ್ದಂತೆ, ಪಾಪ” ಎಂದರು. ಡಾಕ್ಟರರಲ್ಲಿಗೆ ಕರೆದೊಯ್ದರು. ಮಾತ್ರೆ ಬಂತು. ಮಾತ್ರೆ ತೆಗೆದುಕೊಂಡು ಕಾತ್ಯಕ್ಕ ಹಗಲೆಲ್ಲ ಮಂಕಾಗಿ ಕೂರತೊಡಗಿದರು. ಒಮ್ಮೆ ಹುಳಿಗೆ ಉಪ್ಪನ್ನೇ ಹಾಕಲಿಲ್ಲ. ಆವತ್ತು ನನ್ನೊಳಗೆ ಯಾರೋ ಸಣ್ಣಗೆ ನಕ್ಕರು. ಅದನ್ನು ಬರೆಯದೆ ಈ ಕತೆ ಬರೆದರೆ ಸುಳ್ಳಾಗುತ್ತದೆ.

ಒಂದು ಮುಂಜಾನೆ ಅವರು ನನ್ನ ಕೈ ಹಿಡಿದು ಎಬ್ಬಿಸಿ ತಮ್ಮ ಕೋಣೆಗೆ ಕರೆದೊಯ್ದರು. “ಬಾರೇ, ಈಗ ಬರ್ತದೆ. ನೀನೊಬ್ಬಳು ಕೇಳು ಸಾಕು.”

ಗೋಡೆಗೆ ಕಿವಿಯಿಟ್ಟೆ. ಒಳಗೆ ಟಿಕ್ ಎಂದಿತು. ಸುಯ್ಯೆಂದು ಉಸಿರು ಬಿಟ್ಟಂತಾಯಿತು. ಫ್ಯಾನು ನಿಧಾನವಾಗಿ ತಿರುಗತೊಡಗಿತು. ಆಗ, ಕಿಣಿ, ಕಿಣಿ, ಕಿಣಿಕಿಣಿ... ನಿಜಕ್ಕೂ ಬಳೆಯದೇ ಸದ್ದು. ನನಗೆ ಅದು ಏನೆಂದು ಆ ಕ್ಷಣವೇ ತಿಳಿಯಿತು.

ಕಾತ್ಯಕ್ಕನ ಕಣ್ಣು ನನ್ನ ಮುಖದ ಮೇಲೇ ಇತ್ತು. “ಕೇಳಿಸ್ತಾ?”

“ಇಲ್ಲ ಅಕ್ಕ,” ಎಂದೆ. “ನನಗೇನೂ ಕೇಳಿಸ್ಲಿಲ್ಲ.”

ಅವರು ನನ್ನ ಕೈ ಬಿಟ್ಟರು. ಜಗಳವಾಡಲಿಲ್ಲ, ಅಳಲಿಲ್ಲ. ಮಂಚದ ಮೇಲೆ ಕೂತು ಕಂಬಳಿ ಮಡಿಸತೊಡಗಿದರು. ಮೂರು ದಿನದಲ್ಲಿ ಬಯಲು ಸೀಮೆಯ ತಮ್ಮನ ಮನೆಗೆ ಹೊರಟರು. ಬಸ್ಸಿನ ಕಿಟಕಿಯಿಂದ, “ನನ್ನ ಕಿವಿ ನನಗೇ ನಂಬಿಕೆ ಇಲ್ಲ ಕಣೇ. ನಿಮ್ಮನ್ನೆಲ್ಲ ಯಾಕೆ ಹೆದರಿಸ್ಲಿ?” ಎಂದರು. ತಮ್ಮನ ಪತ್ರ ಮೊನ್ನೆ ಬಂದಿತ್ತು. ಅಕ್ಕ ಈಗ ಯಾವ ಸದ್ದಿಗೂ ತಿರುಗಿ ನೋಡುವುದಿಲ್ಲ, ಕೂಗಿದರೂ ನಿಜವಾಗಿ ಕೂಗಿದ್ದೋ ಎಂದು ಕೇಳುತ್ತಾರೆ, ಇನ್ನೂ ದೊಡ್ಡ ಡಾಕ್ಟರಿಗೆ ತೋರಿಸಬೇಕು ಎಂದು ಬರೆದಿದ್ದ.

ಹಿತ್ತಿಲ ಬಾಗಿಲು ತಟ್ಟಿದ ಸದ್ದಾಯಿತು. ಮೊರ ಬದಿಗಿಟ್ಟು ಎದ್ದೆ.

ಡೇವಿಡಪ್ಪನವರು ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತರು. ಜಾಲರಿಯ ಹಿಂದೆ ಮಂಜುಗಡ್ಡೆ ಗೋಡೆಯಂತೆ ಕಟ್ಟಿತ್ತು. ನಾನು ಬಿಸಿನೀರು ತರಲು ಹೊರಟರೆ ತಡೆದರು. “ಬ್ಯಾಡಮ್ಮ, ಎಲ್ಲಾರೂ ಮಾಡೋ ತಪ್ಪು ಅದು. ಆಫ್ ಮಾಡಿದೀನಿ, ತಾನೇ ಕರಗ್ಲಿ.” ಬಿಸಿಲಿಗೆ ಅದು ಕರಗುವಷ್ಟು ಹೊತ್ತು ಎರಡು ಲೋಟ ಚಹಾ ಕುಡಿದು, ಮಾತಾಡುತ್ತ ಕೂತರು.

“ಮಿಷನ್ನಿಗೂ ಅದರದೇ ಸದ್ದು ಅಂತಿರ್ತದೆ ಅಮ್ಮ. ಟಿಕ್ ಅಂದ್ರೆ ಸ್ವಿಚ್ಚು. ಸುಯ್ ಅಂದ್ರೆ ಮೈಮೇಲಿನ ಮಂಜು ಕರಗಿಸ್ಕೊಳ್ತಾ ಇದೆ ಅಂತ, ಆಗ ಹಬೆ ಏಳ್ತದೆ, ಜನ ಬೆಂಕಿ ಅಂತ ಓಡ್ಬರ್ತಾರೆ. ಇವೆಲ್ಲ ಅದರ ಉಸಿರಾಟ. ಹೆದರ್ಬಾರ್ದು. ಗರಗರ ಅಂದ್ರೆ ಬೇರಿಂಗು, ಕೂಡ್ಲೇ ನಿಲ್ಲಿಸ್ಬೇಕು. ಬಳೆ ಹಂಗೆ ಕಿಣಿಕಿಣಿ ಅಂತೂ ಅಂದ್ರೆ ಹೊರಗಿನದೇನೋ ಒಳಗೆ ಸೇರ್ಕೊಂಡಿದೆ ಅಂತ್ಲೇ ಲೆಕ್ಕ.”

ನಾನು ಖಾಲಿ ಲೋಟ ಎತ್ತಿಕೊಂಡೆ.

ಅವರು ಜಾಲರಿ ಬಿಚ್ಚಿ ಕೈ ಹಾಕಿ, ಕೊಳೆತ ಎಲೆಗಳ ಒಂದು ಮುದ್ದೆಯನ್ನು ಎಳೆದರು. ಅದರ ನಡುವೆ ತಂತಿ. ತಂತಿಯಲ್ಲಿ ಇನ್ನೂ ಮೂರು ಚೆಂಡುಹೂವಿನ ತೊಟ್ಟುಗಳಿದ್ದವು.

“ಫ್ಯಾನ್ ಶುರುವಾಗುವಾಗ ರೆಕ್ಕೆಗೆ ತಾಗ್ತಿತ್ತು. ಜೋರು ಬಂದ್ಮೇಲೆ ಗಾಳಿಗೆ ಅತ್ಲಾಗೆ ಸರೀತಿತ್ತು. ಇದಕ್ಕೆ ಎಲೆ ಸಿಕ್ಕಿ, ಗಾಳಿ ಕಟ್ಟಿ, ಮಂಜು ಕಟ್ಟಿದೆ. ಎಷ್ಟೋ ದಿನದಿಂದ ಇದು ದುಡಿತಾನೇ ಇಲ್ಲ ಅಮ್ಮ. ಒಳಗಿನ ಕಾಯಿಲ್ ಒಂದೇ ಮನೆ ಕಾಯಿಸಿದೆ. ಮನೆ ಬೆಚ್ಚಗಿತ್ತಲ್ಲ, ಅದಕ್ಕೇ ನಿಮಗೆ ಯಾರಿಗೂ ಗೊತ್ತಾಗಿಲ್ಲ.” ಅವರು ಕೋಣೆಯ ಕಿಟಕಿಯತ್ತ ನೋಡಿದರು. “ಈ ರೂಮಲ್ಲಿ ಮಲಗೋರಿಗೆ ಕೇಳ್ಸಿರ್ಬೇಕಲ್ಲ?”

“ಈಗ ಅಲ್ಲಿ ಯಾರೂ ಮಲಗೋದಿಲ್ಲ,” ಎಂದೆ.

ಅವರು ತಂತಿಯನ್ನು ಬಟ್ಟೆಯಿಂದ ಒರೆಸಿ ನನ್ನ ಅಂಗೈಯಲ್ಲಿಟ್ಟರು. ಯಂತ್ರ ಚಾಲೂ ಮಾಡಿದರು. ಫ್ಯಾನು ಸದ್ದಿಲ್ಲದೆ ತಿರುಗಿತು.

ಮಧ್ಯಾಹ್ನ ಊಟಕ್ಕೆ ಬಂದ ಯಜಮಾನರು ಕೇಳಿದರು: “ಏನಾಗಿತ್ತಂತೆ?”

“ಎಲೆ ಸೇರಿಕೊಂಡಿತ್ತಂತೆ.”

“ಅಷ್ಟೇನಾ?” ಎಂದು ಅನ್ನ ಕಲಸಿದರು. “ಅತ್ತಿಗೆ ಇದ್ದಿದ್ರೆ ಬಳೆಗಾರ ಸಿಕ್ಕಿದ್ನಾ ಅಂತ ಕೇಳೋರು.”

ನಾನು ಮಜ್ಜಿಗೆ ಬಡಿಸಿದೆ. ಇವರಿಗೆ ಮೊದಲು ಹೇಳಿದರೆ ನನ್ನ ಪರವಾಗಿ ಇವರೇ ಪತ್ರ ಬರೆದುಬಿಡುತ್ತಾರೆ, ಇವರೇ ಸಮಾಧಾನ ಹೇಳುತ್ತಾರೆ. ನಾನು ಮತ್ತೊಮ್ಮೆ ಬೆಚ್ಚಗೆ ಉಳಿಯುತ್ತೇನೆ. “ಇಲ್ಲ” ಎಂದದ್ದು ನಾನು, ಕಾತ್ಯಕ್ಕನ ಮುಖ ನೋಡಿಕೊಂಡು. ಕೇಳಿಸಿತ್ತು ಎನ್ನುವುದನ್ನೂ ಆ ಮುಖ ನೋಡಿಕೊಂಡೇ ಹೇಳಬೇಕು.

ಯಜಮಾನರು ಕೈತೊಳೆದು ಹೋದ ಮೇಲೆ ತಂತಿಯನ್ನು ನೆಟ್ಟಗೆ ಮಾಡಿ, ಎಲ್ಲೂ ಕಳೆಯದಿರಲೆಂದು ಮಣಿಕಟ್ಟಿಗೆ, ಬಳೆಗಳ ನಡುವೆ ಎರಡು ಸುತ್ತು ಸುತ್ತಿಕೊಂಡೆ. ಕೈಚೀಲದಲ್ಲಿ ಒಂದು ಸೀರೆ ಮಡಿಸಿಟ್ಟೆ. ಬಯಲು ಸೀಮೆಯ ಬಸ್ಸು ಬೆಳಿಗ್ಗೆ ಏಳಕ್ಕೆ ಹೊರಡುತ್ತಿತ್ತು.

ಆಮೇಲೆ ನಡುಮನೆಗೆ ಬಂದು ಬಿಟ್ಟ ಕೆಲಸಕ್ಕೆ ಕೂತೆ. ಗೋಡೆಯ ಮೇಲಿನ ಕೆಂಪು ದೀಪ ಆರಿತ್ತು. ಮೊರ ಎತ್ತಿ ಕೇರಿದೆ. ಗಾಜಿನ ಬಳೆಗಳಿಗೆ ತಂತಿ ತಾಗಿ, ಕಾತ್ಯಕ್ಕನ ಗೋಡೆಯಾಚೆ ಕೇಳಿದ್ದ ಅದೇ ಸದ್ದು ಬಂತು. ಈ ಸಲ ಬೆಚ್ಚಲಿಲ್ಲ. ಕಿವಿಗೊಟ್ಟು ಕೇಳುತ್ತ, ಉಳಿದ ಅಕ್ಕಿಯಷ್ಟನ್ನೂ ಕೇರಿದೆ.